ಹಾರುವ ಹಬೆ, ಹರಿಯುವ ಕೊಳೆ

‘ಬಟ್ಟಿ ಇಳಿಸುವುದು’ ಎಂದೊಡನೆ ನಮ್ಮವರ ಮುಖದಲ್ಲಿ ಒಂದು ಕಿರುನಗೆ ಮೂಡುವುದುಂಟು. ಹಳ್ಳದ ದಂಡೆಯ ಮಡಕೆ, ಕಳ್ಳಬಟ್ಟಿ, ಅಬಕಾರಿ ಇನ್‌ಸ್ಪೆಕ್ಟರ ಜೀಪು, ಇಷ್ಟೇ ಆ ಮಾತಿಗೆ ಅಂಟಿಕೊಂಡಿರುವ ನೆನಪುಗಳು. ಆದರೆ ವಿಜ್ಞಾನದ ಪಠ್ಯಪುಸ್ತಕದಲ್ಲಿ ಅದೇ ಮಾತಿಗೆ ಬಲು ಗೌರವದ ಅರ್ಥವಿದೆ. ದ್ರವವನ್ನು ಕಾಯಿಸಿ ಆವಿಯಾಗಿಸಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸಿ ಹಿಡಿದುಕೊಳ್ಳುವುದೇ ಬಟ್ಟಿ ಇಳಿಸುವಿಕೆ. ಹೀಗೆ ಮಾಡಿದಾಗ ಶುದ್ಧ ನೀರು ಒಂದು ಕಡೆಗೂ, ಅದರಲ್ಲಿ ಕರಗಿದ್ದ ಉಪ್ಪು, ಬಣ್ಣ, ಕೊಳೆಗಳೆಲ್ಲ ಇನ್ನೊಂದು ಕಡೆಗೂ ಉಳಿಯುತ್ತವೆ. ಕಾರ್ಖಾನೆಗಳ ಹೊಲಸು ನೀರನ್ನು ಈ ರೀತಿ ಬೇರ್ಪಡಿಸುವ ಕೆಲಸ ಇಂದು ನಮ್ಮ ದೇಶದ ಅನೇಕ ಊರುಗಳಲ್ಲಿ ಹಗಲಿರುಳು ನಡೆಯುತ್ತಿದೆ, ನಡೆಯಬೇಕೆಂದು ಕಾನೂನಿದೆ.

ಲೋಧಿ ಕಾಲೋನಿಯಲ್ಲಿರುವ ನಮಗೆ ಈ ವಿಷಯ ದೂರದ್ದೆಂದು ತೋರಬಹುದು. ಸರಕಾರಿ ನೌಕರರ ವಾಸಕ್ಕೆಂದು 1940ರ ದಶಕದಲ್ಲಿ ಕಟ್ಟಿದ ಈ ಬಡಾವಣೆಯಲ್ಲಿ ಕಾರ್ಖಾನೆಯ ಚಿಮಣಿಯೊಂದೂ ಇಲ್ಲ. ಆದರೆ ಬೆಳಗಿನ ತಿರುಗಾಟಕ್ಕೆ ಹೊರಟವರು ಜೋರ್‌ಬಾಗ್ ರಸ್ತೆಯತ್ತ ತಿರುಗಿದರೆ ಪರಿಸರ ಮಂತ್ರಾಲಯದ ಇಂದಿರಾ ಪರ್ಯಾವರಣ ಭವನ ಕಾಣುತ್ತದೆ. 2014ರ ಫೆಬ್ರವರಿಯಲ್ಲಿ ಅದು ಉದ್ಘಾಟನೆಯಾಗುವ ಮುನ್ನ ಅದೇ ಮಂತ್ರಾಲಯ ಲೋಧಿ ರಸ್ತೆಯ ಸಿ.ಜಿ.ಓ. ಸಂಕೀರ್ಣದಲ್ಲಿತ್ತು. ಅದರ ನೆರೆಯ ಸ್ಕೋಪ್ ಸಂಕೀರ್ಣದಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ದೊಡ್ಡ ಸಂಸ್ಥೆಯ ಕಚೇರಿ. ಲೋಧಿ ಎಸ್ಟೇಟಿನಲ್ಲಿ ನಮ್ಮ ಕನ್ನಡ ಶಾಲೆ. ನದಿ ಹರಿಯುವುದು ಹರಿಹರದಲ್ಲಿ, ತಿರುಪ್ಪೂರಿನಲ್ಲಿ. ಅದರ ನೀರಿನಲ್ಲಿ ಏನು ಎಷ್ಟಿರಬಹುದೆಂಬ ಅಧಿಸೂಚನೆ ಹೊರಡುವುದು ನಮ್ಮ ಓಣಿಯ ಆಚೆಯಿಂದ. ಹೀಗಿರುವಾಗ ಆ ಅಧಿಸೂಚನೆಯ ಹಿಂದೆ ಎಷ್ಟು ಬೆಂಕಿ ಉರಿಯಬೇಕಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅನುಚಿತವಾಗಲಾರದು.

ಅಡಗಿ ಕುಳಿತ ಶಾಖ

ನೀರನ್ನು ಒಲೆಯ ಮೇಲಿಟ್ಟರೆ ಅದು ಬೇಗ ಕುದಿಗೆ ಬರುತ್ತದೆ. ಆದರೆ ಕುದಿಯುವ ನೀರು ಪೂರಾ ಬತ್ತಿಹೋಗಲು ಬಹಳ ಹೊತ್ತು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಎಲ್ಲರೂ ಕಂಡ ಈ ಸಂಗತಿಯ ಹಿಂದಿನ ಲೆಕ್ಕವನ್ನು ಹಿಡಿದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1760ರ ಸುಮಾರಿನಲ್ಲಿ ಅವನು ಪ್ರಯೋಗ ಮಾಡಿ, ಕುದಿಯುವ ನೀರು ಆವಿಯಾಗುವಾಗ ಉಷ್ಣತೆ ಏರದಿದ್ದರೂ ಅಪಾರ ಶಾಖವನ್ನು ನುಂಗುತ್ತದೆಂದು ತೋರಿಸಿದ. ಇದೇ ಗುಪ್ತೋಷ್ಣ. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದ ಜೇಮ್ಸ್ ವಾಟ್ 1765ರಲ್ಲಿ ಪ್ರತ್ಯೇಕ ಕಂಡೆನ್ಸರಿನ ಉಪಾಯ ಹೂಡಿ ಉಗಿಯಂತ್ರದ ಇಂಧನ ಖರ್ಚನ್ನು ಇಳಿಸಿದ್ದು ಎಲ್ಲರಿಗೂ ತಿಳಿದ ಕತೆ.

ಲೆಕ್ಕ ಹೀಗಿದೆ. 25 ಡಿಗ್ರಿಯಲ್ಲಿರುವ ಒಂದು ಕಿಲೋ ನೀರನ್ನು 100 ಡಿಗ್ರಿಗೆ ತರಲು 75 ಕಿಲೋಕ್ಯಾಲೊರಿ ಸಾಕು. ಆ ಕುದಿನೀರನ್ನು ಆವಿ ಮಾಡಲು ಬೇಕಾಗುವುದು 540 ಕಿಲೋಕ್ಯಾಲೊರಿ, ಎಂದರೆ ಏಳು ಪಟ್ಟಿಗೂ ಹೆಚ್ಚು. ಒಂದು ಟನ್ ನೀರಿಗೆ ಈ ಗುಪ್ತೋಷ್ಣವೊಂದೇ ಸುಮಾರು 627 ಯೂನಿಟ್ ವಿದ್ಯುತ್ತಿಗೆ ಸಮ. ಕಲ್ಲಿದ್ದಲಿನ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿನ ಒಂದು ಕಿಲೋದಿಂದ ಬಾಯ್ಲರಿನ ನಷ್ಟಗಳನ್ನೆಲ್ಲ ಕಳೆದು 3,000 ಕಿಲೋಕ್ಯಾಲೊರಿ ದಕ್ಕಿತೆಂದು ಇಟ್ಟುಕೊಂಡರೆ, ಒಂದು ಟನ್ ಹೊಲಸು ನೀರನ್ನು ಕುದಿಸಿ ಆರಿಸಲು ಸುಮಾರು 200 ಕಿಲೋ ಕಲ್ಲಿದ್ದಲು ಬೇಕು. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಭಾಗ ಬೂದಿಯೇ ಇರುವುದರಿಂದ 60ರಿಂದ 80 ಕಿಲೋ ಬೂದಿ ಉಳಿಯುತ್ತದೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಒಂದು ಟನ್ ನೀರಿನಲ್ಲಿ ಕರಗಿರುವ ಉಪ್ಪು ಹೆಚ್ಚುಕಡಿಮೆ ಆರು ಕಿಲೋ. ಆರು ಕಿಲೋ ಉಪ್ಪನ್ನು ಹೊರತೆಗೆಯಲು ಅರವತ್ತು ಕಿಲೋ ಬೂದಿಯನ್ನೂ ಒಂದು ಹೊರೆ ಹೊಗೆಯನ್ನೂ ಉಂಟುಮಾಡುವುದಾದರೆ ಅದು ಶುದ್ಧೀಕರಣವಲ್ಲ, ಕೊಳೆಯ ವರ್ಗಾವಣೆ.

ಈ ವರ್ಗಾವಣೆಯನ್ನು ತಪ್ಪಿಸುವ ಉಪಾಯವನ್ನು ಹುಡುಕಿದವರ ಕತೆಯೇ ನಮ್ಮ ಮುಂದಿನ ವಿಷಯ. ವಿಚಿತ್ರವೆಂದರೆ ಅವರಲ್ಲಿ ಮೊದಲಿಗರು ಯಾರೂ ಹೊಲಸು ನೀರಿನ ಚಿಂತೆ ಮಾಡಿದವರಲ್ಲ. ಅವರ ಚಿಂತೆ ಸಕ್ಕರೆಯದು, ಉಪ್ಪಿನದು.

ಕೊಪ್ಪರಿಗೆಯಿಂದ ಮೂರು ಪಾತ್ರೆಗಳಿಗೆ

ಮಂಡ್ಯದ ಕಡೆಯ ಆಲೆಮನೆಯನ್ನು ಕಂಡವರಿಗೆ ಆ ದೃಶ್ಯ ಮರೆಯುವಂಥದಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುತ್ತದೆ. ಹಬೆ ಮಾಡಿನ ಸಂದಿನಿಂದ ಆಕಾಶಕ್ಕೆ ಹಾರಿಹೋಗುತ್ತದೆ. ಒಲೆಗೆ ತಳ್ಳಿದ ಕಬ್ಬಿನ ಸಿಪ್ಪೆಯ ಶಾಖದ ಬಹುಭಾಗ ಆ ಹಬೆಯೊಳಗೆ ಅಡಗಿ ಹೊರಟುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಲೂಯಿಸಿಯಾನಾ ಪ್ರಾಂತದ ಕಬ್ಬಿನ ತೋಟಗಳಲ್ಲಿಯೂ ಇದೇ ಕ್ರಮವಿತ್ತು. ಸಾಲಾಗಿ ಇಟ್ಟ ತೆರೆದ ಕಡಾಯಿಗಳು. ಒಂದರಿಂದ ಇನ್ನೊಂದಕ್ಕೆ ಕುದಿಯುವ ರಸವನ್ನು ಸೌಟಿನಿಂದ ಮೊಗೆದು ಸುರಿಯುವವರು ಗುಲಾಮರು. ಸುಟ್ಟುಕೊಂಡವರ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ.

ಇದನ್ನು ಬದಲಾಯಿಸಿದವನು ನಾರ್ಬರ್ಟ್ ರಿಲ್ಯೂ. 1806ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಈತನ ತಂದೆ ಬಿಳಿಯ, ತಾಯಿ ಕರಿಯರ ವಂಶದ ಸ್ವತಂತ್ರ ಮಹಿಳೆ. ಪ್ಯಾರಿಸಿನಲ್ಲಿ ಓದಿ, ಅಲ್ಲಿಯೇ ಉಗಿಯಂತ್ರಗಳ ಬಗ್ಗೆ ಪಾಠ ಹೇಳಿ ಊರಿಗೆ ಬಂದ ರಿಲ್ಯೂ 1843ರಲ್ಲಿಯೂ 1846ರಲ್ಲಿಯೂ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನ ಯುಕ್ತಿ ಹೇಳಲು ಸುಲಭ. ಮೊದಲ ಪಾತ್ರೆಯಿಂದ ಏಳುವ ಹಬೆಯನ್ನು ಹಾರಲು ಬಿಡದೆ ಕೊಳವೆಯಲ್ಲಿ ಒಯ್ದು, ಎರಡನೆಯ ಪಾತ್ರೆಯ ರಸವನ್ನು ಕುದಿಸಲು ಬಳಸುವುದು. ಎರಡನೆಯದರ ಹಬೆಯಿಂದ ಮೂರನೆಯದನ್ನು ಕುದಿಸುವುದು.

ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. 100 ಡಿಗ್ರಿಯ ಹಬೆ 100 ಡಿಗ್ರಿಯ ನೀರನ್ನು ಕುದಿಸುವುದು ಹೇಗೆ? ಶಾಖ ಹರಿಯಬೇಕಾದರೆ ಎತ್ತರ ತಗ್ಗು ಬೇಡವೇ? ಇದಕ್ಕೆ ಉತ್ತರ ನಮ್ಮ ಪ್ರೆಷರ್ ಕುಕ್ಕರಿನಲ್ಲಿಯೂ ಸಿಮ್ಲಾ ಪ್ರವಾಸದಲ್ಲಿಯೂ ಇದೆ. ಕುಕ್ಕರಿನಲ್ಲಿ ಒತ್ತಡ ಹೆಚ್ಚು. ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಸಿಮ್ಲಾದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವವರು ಬೇಸತ್ತುಹೋಗುತ್ತಾರೆ. ಹಾಗೆಯೇ ಎರಡನೆಯ ಪಾತ್ರೆಯೊಳಗಿನ ಗಾಳಿಯನ್ನು ಹೀರಿ ಅರೆ ನಿರ್ವಾತ ಮಾಡಿದರೆ ಅದರ ರಸ 80 ಡಿಗ್ರಿಗೇ ಕುದಿಯುತ್ತದೆ. ಮೂರನೆಯದರಲ್ಲಿ ಇನ್ನೂ ಹೆಚ್ಚು ಹೀರಿದರೆ 60ಕ್ಕೆ. ನಿರ್ವಾತದಲ್ಲಿ ಸಕ್ಕರೆ ಕುದಿಸುವ ಪಾತ್ರೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ 1813ರ ಹೊತ್ತಿಗೇ ಮಾಡಿದ್ದ. ಅದನ್ನು ಸರಪಳಿಯಾಗಿ ಜೋಡಿಸಿ, ಒಂದೇ ಶಾಖವನ್ನು ಮೂರು ಸಲ ದುಡಿಸಿದ್ದು ರಿಲ್ಯೂ ಮಾಡಿದ ಕೆಲಸ. ಒಂದು ಕಿಲೋ ಹಬೆಯಿಂದ ಒಂದು ಕಿಲೋಗೂ ಕಡಿಮೆ ನೀರು ಆರುತ್ತಿದ್ದ ಕಡೆ ಎರಡೂವರೆ ಕಿಲೋದಷ್ಟು ಆರತೊಡಗಿತು. ಸೌಟು ಹಿಡಿದು ನಿಲ್ಲುವ ಕೆಲಸವೂ ತಪ್ಪಿತು. ಆದರೆ ತೋಟದ ಒಡೆಯರ ಯಂತ್ರಕ್ಕೆ ಲಾಭ ತಂದುಕೊಟ್ಟ ಆ ಮನುಷ್ಯನಿಗೆ ಅವರ ಸಮಾಜದಲ್ಲಿ ಸಮಾನ ಸ್ಥಾನ ಸಿಗಲಿಲ್ಲ. ಅವನು ಪ್ಯಾರಿಸಿಗೆ ಹಿಂದಿರುಗಿ 1894ರಲ್ಲಿ ಅಲ್ಲಿಯೇ ತೀರಿಕೊಂಡ.

ರಿಲ್ಯೂನ ಸರಪಳಿ ಪ್ರಪಂಚದ ಎಲ್ಲ ಸಕ್ಕರೆ ಕಾರ್ಖಾನೆಗಳಿಗೂ ಹಬ್ಬಿತು. ಕನ್ನಂಬಾಡಿಯ ನೀರು ಕಾಲುವೆಯಲ್ಲಿ ಬಂದು ಮಂಡ್ಯದ ಬಯಲಿನಲ್ಲಿ ಕಬ್ಬು ಎದ್ದಾಗ, ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಅವರ ಪ್ರಯತ್ನದಿಂದ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಕ್ಕರೆ ಕಾರ್ಖಾನೆಯೆಂದರೆ ಬಹುಪಾಲು ನೀರು ಆರಿಸುವ ಕಾರ್ಖಾನೆಯೇ. ನೂರು ಕಿಲೋ ತಿಳಿರಸದಲ್ಲಿ ಸುಮಾರು 15 ಕಿಲೋ ಗಟ್ಟಿ ಪದಾರ್ಥ. ಅದನ್ನು ನೂರಕ್ಕೆ 60ರ ಪಾಕಕ್ಕೆ ತರಬೇಕಾದರೆ 75 ಕಿಲೋ ನೀರು ಹೋಗಬೇಕು. ಅಷ್ಟು ನೀರನ್ನು ಆಲೆಮನೆಯ ಕ್ರಮದಲ್ಲಿ ಆರಿಸಹೊರಟರೆ ಕಬ್ಬಿನ ಸಿಪ್ಪೆ ಸಾಲದು. ಸರಪಳಿ ಇರುವುದರಿಂದಲೇ ಸಿಪ್ಪೆ ಸಾಕಾಗಿ, ಕೆಲವು ಕಾರ್ಖಾನೆಗಳಲ್ಲಿ ಮಿಕ್ಕಿ, ಇಂದು ವಿದ್ಯುತ್ತಾಗಿ ಹೊರಗೆ ಮಾರಾಟವೂ ಆಗುತ್ತಿದೆ.

ಹಬೆಯನ್ನು ಒತ್ತಿದವರು

ಇದೇ ಗುರಿಗೆ ಎರಡನೆಯ ದಾರಿಯೊಂದು ಉಪ್ಪಿನವರಿಂದ ಬಂತು. ಆಸ್ಟ್ರಿಯದ ಎಬೆನ್‌ಸೇ ಎಂಬಲ್ಲಿ ಉಪ್ಪುನೀರನ್ನು ಕುದಿಸಿ ಉಪ್ಪು ಮಾಡುವ ಸರಕಾರಿ ಕಾರ್ಖಾನೆಯಿತ್ತು. ಅದಕ್ಕೆ ಸುಡುವ ಸೌದೆಯ ಖರ್ಚು ಕಂಡು ಪೀಟರ್ ಫಾನ್ ರಿಟ್ಟಿಂಗರ್ ಎಂಬ ಇಂಜಿನಿಯರು 1850ರ ದಶಕದಲ್ಲಿ ಒಂದು ಹೊಸ ಯುಕ್ತಿ ಹೂಡಿದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಹಬೆಯನ್ನೂ ಹಾಗೆ ಒತ್ತಿದರೆ ಅದರ ಉಷ್ಣತೆ ಕೆಲವು ಡಿಗ್ರಿ ಏರುತ್ತದೆ. ಏರಿದ ಹಬೆಯನ್ನು ತಾನು ಹೊರಟುಬಂದ ಅದೇ ಪಾತ್ರೆಯ ಕೊಳವೆಗಳಿಗೆ ಹಿಂದಿರುಗಿಸಿದರೆ ಅದೇ ದ್ರವವನ್ನು ಮತ್ತೆ ಕುದಿಸುತ್ತದೆ. ತಾನು ತಣಿದು ಶುದ್ಧ ನೀರಾಗಿ ಇಳಿಯುತ್ತದೆ. ಒಮ್ಮೆ ಕುದಿ ಹತ್ತಿದ ಮೇಲೆ ಒಲೆಯ ಅಗತ್ಯವೇ ಬಹುಮಟ್ಟಿಗೆ ಇಲ್ಲ. ಹಬೆಯನ್ನು ಒತ್ತುವ ಶಕ್ತಿ ಇದ್ದರಾಯಿತು. ರಿಟ್ಟಿಂಗರ್ ಆ ಶಕ್ತಿಯನ್ನು ನೀರಿನ ಚಕ್ರದಿಂದ ಪಡೆದ.

ಯುಕ್ತಿ ಸರಿಯಿತ್ತು, ಆದರೆ ಉಪ್ಪು ಬಿಡಲಿಲ್ಲ. ಕುದಿಯುವ ಉಪ್ಪುನೀರು ಲೋಹದ ಮೈಗೆ ಪದರ ಪದರವಾಗಿ ಕಟ್ಟಿಕೊಂಡು ಶಾಖ ದಾಟದಂತೆ ಮಾಡಿತು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯಲ್ಲಿಯೋ ಗೀಸರಿನ ಸುರುಳಿಯಲ್ಲಿಯೋ ಬಿಳಿಯ ಕಲ್ಲು ಕಟ್ಟುವುದನ್ನು ಕಂಡವರಿಗೆ ಇದರ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಮುಂದೆ 1870ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಪಿಕಾರ್ ಎಂಬಾತ ಬೆಕ್ಸ್ ಎಂಬ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಇದೇ ಕ್ರಮವನ್ನು ನಡೆಯುವಂತೆ ಮಾಡಿದ. ಬೆಟ್ಟದ ನೀರು ಧಾರಾಳ, ಕಲ್ಲಿದ್ದಲು ದುರ್ಲಭ ಎಂಬ ದೇಶದಲ್ಲಿ ಇದು ಬೇರೂರಿದ್ದು ಆಶ್ಚರ್ಯವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಬರ್ಟ್ ಕ್ಲೈನ್‌ಸ್ಮಿಟ್ ಎಂಬ ಅಮೆರಿಕದ ಇಂಜಿನಿಯರು ಇದನ್ನೇ ಚಿಕ್ಕದಾಗಿಸಿ, ಜಲಾಂತರ್ಗಾಮಿ ಹಡಗುಗಳಲ್ಲಿ ಸಮುದ್ರದ ನೀರನ್ನು ಕುಡಿಯುವ ನೀರು ಮಾಡಲು ಒದಗಿಸಿದ.

ಈ ದಾರಿಯ ಲಾಭವನ್ನು ಅಂಕಿಗಳಲ್ಲಿ ನೋಡಬೇಕು. ಒಂದು ಟನ್ ನೀರಿನ ಗುಪ್ತೋಷ್ಣ 627 ಯೂನಿಟ್ ಎಂದೆವು. ಹಬೆ ಒತ್ತುವ ಒಳ್ಳೆಯ ಯಂತ್ರ ಅದೇ ಒಂದು ಟನ್ ನೀರನ್ನು 20ರಿಂದ 40 ಯೂನಿಟ್ಟಿನಲ್ಲಿ ಆರಿಸಬಲ್ಲದು. ಉಳಿದ ಶಾಖವೆಲ್ಲ ಪಾತ್ರೆಯೊಳಗೇ ಸುತ್ತುತ್ತಿರುತ್ತದೆ.

ಹಾಗಾದರೆ ಸರಪಳಿಯಲ್ಲಿ ನೂರು ಪಾತ್ರೆಗಳನ್ನೇಕೆ ಇಡಬಾರದು? ಇಲ್ಲಿ ಪ್ರಕೃತಿಯ ತೆರಿಗೆಯೊಂದಿದೆ. ಉಪ್ಪು ಕರಗಿದ ನೀರು ಶುದ್ಧ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಅಡುಗೆ ಉಪ್ಪು ಕರಗುವಷ್ಟೂ ಕರಗಿದ ನೀರು 108 ಡಿಗ್ರಿ ದಾಟಿ ಕುದಿಯುತ್ತದೆ. ಆದರೆ ಅದರ ಹಬೆ ತಣಿದು ನೀರಾಗುವುದು 100ರಲ್ಲೇ. ಪ್ರತಿ ಪಾತ್ರೆಯಲ್ಲಿಯೂ ಈ ಎಂಟು ಡಿಗ್ರಿ ಕೈಬಿಟ್ಟುಹೋಗುತ್ತದೆ. ಮೊದಲ ಪಾತ್ರೆಗೂ ಕೊನೆಯದಕ್ಕೂ ನಡುವೆ ಇರುವ ಉಷ್ಣತೆಯ ಅಂತರವೇ ಐವತ್ತು ಅರವತ್ತು ಡಿಗ್ರಿ. ಕೊಳೆ ದಟ್ಟವಾದಷ್ಟೂ ತೆರಿಗೆ ಹೆಚ್ಚು, ಪಾತ್ರೆಗಳ ಸಂಖ್ಯೆ ಕಡಿಮೆ. ಪಾತ್ರೆ ಹೆಚ್ಚಿಸಿದರೆ ಕೊಳವೆಗಳ ಬೆಲೆಯೂ ಏರುತ್ತದೆ. ಆದ್ದರಿಂದ ನಾಲ್ಕೈದು ಪಾತ್ರೆಗಳ ಹತ್ತಿರವೇ ಲೆಕ್ಕ ನಿಲ್ಲುವುದು ಸಾಮಾನ್ಯ.

ನದಿಗಳ ಪಾಲು

ಸಕ್ಕರೆ, ಉಪ್ಪುಗಳಿಂದ ಈ ವಿದ್ಯೆ ಹೊಲಸು ನೀರಿಗೆ ಬಂದದ್ದು ಕಾಗದದ ಮೂಲಕ ಎನ್ನಬಹುದು. ಬಿದಿರನ್ನೋ ಮರವನ್ನೋ ಕ್ಷಾರದಲ್ಲಿ ಬೇಯಿಸಿ ನಾರು ತೆಗೆದ ಮೇಲೆ ಉಳಿಯುವ ಕಪ್ಪು ದ್ರಾವಣದಲ್ಲಿ ಮರದ ಅರ್ಧದಷ್ಟು ಪದಾರ್ಥ ಕರಗಿರುತ್ತದೆ. ಅದು ನದಿಗೆ ಬಿದ್ದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಅದನ್ನೇ ಸರಪಳಿ ಪಾತ್ರೆಗಳಲ್ಲಿ ನೂರಕ್ಕೆ 65ರಷ್ಟು ಗಟ್ಟಿ ಮಾಡಿದರೆ ಉರಿಯುತ್ತದೆ. ಉರಿದು ಹಬೆ ಕೊಡುತ್ತದೆ, ಕ್ಷಾರವನ್ನು ಮರಳಿಸುತ್ತದೆ. 1930ರ ದಶಕದಲ್ಲಿ ಕೆನಡಾದ ಟಾಮ್ಲಿನ್ಸನ್ ಇದಕ್ಕೆ ತಕ್ಕ ಬಾಯ್ಲರನ್ನು ರೂಪಿಸಿದ ಮೇಲೆ ಇದು ದೊಡ್ಡ ಗಿರಣಿಗಳ ಸಾಮಾನ್ಯ ಪದ್ಧತಿಯಾಯಿತು.

ಕರ್ನಾಟಕದ ಕಾಗದದ ಕತೆ ನದಿಗಳ ಕತೆಯೂ ಹೌದು. ಭದ್ರಾವತಿಯಲ್ಲಿ 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆ; ಅದರ ಉತ್ಪಾದನೆ ನಿಂತು ಈಗ ವರ್ಷಗಳಾದವು. ದಾಂಡೇಲಿಯಲ್ಲಿ ಕಾಳಿ ನದಿಯ ದಡದಲ್ಲಿ 1950ರ ದಶಕದ ಗಿರಣಿ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ರೇಯಾನ್ ತಿರುಳಿನ ಕಾರ್ಖಾನೆ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದವು. ನದಿಯ ಕೆಳಗಿನ ಹಳ್ಳಿಗಳವರು, ಮೀನುಗಾರರು ದೂರು ಕೊಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ, ಈ ವಿಷಯವನ್ನು ನ್ಯಾಯಾಲಯದವರೆಗೂ ಒಯ್ದಿತು. ಕನ್ನಡ ನಾಡಿನಲ್ಲಿ ನೀರಿನ ಮಾಲಿನ್ಯ ಜನಸಾಮಾನ್ಯರ ಚಳವಳಿಯಾದದ್ದು ಆಗಲೇ ಎನ್ನಬಹುದು.

ಕಪ್ಪು ದ್ರಾವಣವನ್ನು ಸುಡುವ ವಿದ್ಯೆಯಿದ್ದರೂ ತಿರುಳು, ಕಾಗದದ ಕೊಳೆ ನದಿಗೆ ಹೋಗುವುದೇಕೆ? ಇದರ ಉತ್ತರ ಶಾಖದ ಲೆಕ್ಕದಲ್ಲೇ ಇದೆ. ಗಟ್ಟಿ ದ್ರಾವಣ ಉರಿದು ತನ್ನ ಖರ್ಚನ್ನು ತಾನೇ ಹೊರುತ್ತದೆ. ನಾರನ್ನು ತೊಳೆದ, ಬಿಳುಪುಗೊಳಿಸಿದ ನೀರು ಬಲು ತೆಳು. ಅದನ್ನು ಆರಿಸಿದರೆ ಇಂಧನ ದಕ್ಕುವುದಿರಲಿ, ಇದ್ದ ಇಂಧನವೂ ಹೋಗುತ್ತದೆ. ಪಶ್ಚಿಮ ಉತ್ತರ ಪ್ರದೇಶದ ಸಣ್ಣ ಕಾಗದದ ಗಿರಣಿಗಳಲ್ಲಿ ಬಹಳ ಕಾಲ ಕಪ್ಪು ದ್ರಾವಣವನ್ನು ಗಟ್ಟಿ ಮಾಡಿ ಸುಡುವ ಏರ್ಪಾಡೇ ಇರಲಿಲ್ಲ. ಅಷ್ಟು ದೊಡ್ಡ ಯಂತ್ರ ಅವುಗಳ ಬಂಡವಾಳಕ್ಕೆ ಮೀರಿದ್ದು.

ಇಷ್ಟರಲ್ಲಿ ಕಾನೂನು ಬಂದಿತ್ತು. ಜಲಮಾಲಿನ್ಯ ತಡೆ ಅಧಿನಿಯಮ ಜಾರಿಯಾದದ್ದು 1974ರ ಮಾರ್ಚಿನಲ್ಲಿ. ಇಂಥದೊಂದು ಕಾನೂನು ಬೇಕೆಂದು ಠರಾವು ಮಾಡಿ ಸಂಸತ್ತನ್ನು ಕೇಳಿಕೊಂಡ ರಾಜ್ಯಗಳಲ್ಲಿ ನಮ್ಮ ರಾಜ್ಯವೂ ಒಂದು. ಆಗಿನ್ನೂ ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರಾಗಿ ಐದು ತಿಂಗಳು ತುಂಬಿರಲಿಲ್ಲ. ಅದೇ ವರ್ಷ ಕೇಂದ್ರ ಮಂಡಲಿ, ಕರ್ನಾಟಕದ ಮಂಡಲಿ ಎರಡೂ ಸ್ಥಾಪನೆಯಾದವು. 1980ರಲ್ಲಿ ಪರಿಸರ ಇಲಾಖೆ, 1985ರಲ್ಲಿ ಮಂತ್ರಾಲಯ.

ಕಾನೂನಿಗೆ ಅತಿ ಕಠಿಣ ಪರೀಕ್ಷೆಯಾದದ್ದು ಮದ್ಯಸಾರದ ಕಾರ್ಖಾನೆಗಳು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಂದು ಬಣ್ಣದ ಗಬ್ಬು ನೀರು ಉಳಿಯುತ್ತದೆ. ನದಿಗೆ ಬಿಡುವ ನೀರು ಲೀಟರಿಗೆ 30 ಮಿಲಿಗ್ರಾಂ ಆಮ್ಲಜನಕಕ್ಕಿಂತ ಹೆಚ್ಚು ಬೇಡುವಂತಿರಬಾರದೆಂದು ನಿಯಮ. ಇದು ಬೇಡುವುದು 40–50 ಸಾವಿರ! 2003ರಲ್ಲಿ ಪರಿಸರ ಮಂತ್ರಾಲಯವೂ ಕೇಂದ್ರ ಮಂಡಲಿಯೂ ಕೈಗಾರಿಕೆಗಳೊಂದಿಗೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಮದ್ಯಸಾರ ಕಾರ್ಖಾನೆಗಳು ನದಿಗೆ ಏನನ್ನೂ ಬಿಡದ ಸ್ಥಿತಿಗೆ ಬರಬೇಕೆಂದಾಯಿತು. ಅಲ್ಲಿಯೂ ಉತ್ತರವಾಗಿ ಬಂದದ್ದು ರಿಲ್ಯೂನ ಸರಪಳಿಯೇ. ಆ ನೀರನ್ನು ನೂರಕ್ಕೆ 55–60ರಷ್ಟು ಗಟ್ಟಿ ಮಾಡಿ, ಸಿಪ್ಪೆಯನ್ನೋ ಕಲ್ಲಿದ್ದಲನ್ನೋ ಜೊತೆಗೆ ಹಾಕಿ ಬಾಯ್ಲರಿನಲ್ಲಿ ಸುಡುವುದು. ಅದರಿಂದ ಬಂದ ಹಬೆಯಿಂದಲೇ ಕಾರ್ಖಾನೆ ನಡೆಸುವುದು.

ಉರಿಯದ ಕೊಳೆ

ಸಕ್ಕರೆಯ ರಸ ಆರಿಸಿದರೆ ಸರಕು ಸಿಗುತ್ತದೆ. ಕಾಗದದ ಕಪ್ಪು ದ್ರಾವಣವನ್ನೂ ಮದ್ಯಸಾರದ ಕಂದು ನೀರನ್ನೂ ಆರಿಸಿದರೆ ಇಂಧನ ಸಿಗುತ್ತದೆ. ಬಟ್ಟೆಗೆ ಬಣ್ಣ ಹಾಕುವವರ ನೀರನ್ನು ಆರಿಸಿದರೆ ಸಿಗುವುದು ಬಣ್ಣಗೆಟ್ಟ ಉಪ್ಪು. ಅದನ್ನು ತಿನ್ನಲಾಗದು, ಸುಡಲಾಗದು. ಮಾಲಿನ್ಯ ತಿನ್ನುವ ಸೂಕ್ಷ್ಮಜೀವಿಗಳೂ ಉಪ್ಪನ್ನು ಮುಟ್ಟವು.

ಮೈಸೂರು ಸೀಮೆಗೆ ನೆರೆಯಾದ ಕೊಂಗುನಾಡಿನ ತಿರುಪ್ಪೂರು ಇದಕ್ಕೆ ಇಡೀ ದೇಶದ ಉದಾಹರಣೆಯಾಯಿತು. ಬನಿಯನ್ನು, ಟೀ ಶರ್ಟುಗಳನ್ನು ಲೋಕಕ್ಕೆಲ್ಲ ಕಳಿಸುವ ಆ ಊರಿನ ಬಣ್ಣದ ನೀರು ನೊಯ್ಯಲ್ ನದಿಗೆ ಹರಿದು, ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು. ನೀರಾವರಿಗೆಂದು ಕಟ್ಟಿದ ಅಣೆಕಟ್ಟಿನ ನೀರನ್ನು ಹೊಲಕ್ಕೆ ಬಿಡಬೇಡಿರೆಂದು ರೈತರೇ ಕೋರ್ಟಿಗೆ ಹೋಗಬೇಕಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ರೈತರ ಪರ ನಿಂತಿತು. 2011ರ ಜನವರಿ 28ರಂದು ಮದರಾಸು ಹೈಕೋರ್ಟು, ಒಂದು ಹನಿಯನ್ನೂ ಹೊರಬಿಡದ ಸ್ಥಿತಿ ತಲುಪುವವರೆಗೆ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ಕೂಲಿಯವರು ಕೆಲಸ ಕಳೆದುಕೊಂಡು ಊರು ಬಿಟ್ಟರು. ರೈತನ ಬಾವಿ, ಕೂಲಿಯವನ ಅನ್ನ ಎರಡನ್ನೂ ತಕ್ಕಡಿಯಲ್ಲಿಟ್ಟಾಗ ನಡುವಿನ ಮುಳ್ಳಾಗಿ ನಿಂತದ್ದು ಒಂದು ಟನ್ ನೀರನ್ನು ಆರಿಸುವ ಖರ್ಚು.

ಆ ಖರ್ಚು ಇಳಿದದ್ದು ಹೇಗೆ? ಕುದಿಸಬೇಕಾದ ನೀರನ್ನೇ ಮೊದಲು ಕಡಿಮೆ ಮಾಡಿದ್ದರಿಂದ. ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಹಾಗೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಕಂಡುಹಿಡಿದ ತೆಳುಪೊರೆ ಇಂದು ಮನೆಮನೆಯ ‘ಆರ್.ಓ.’ ಆಗಿದೆ. ಅದು ನೀರನ್ನು ಕುದಿಸದೆ, ಒತ್ತಿ ಸೋಸುತ್ತದೆ. ಗುಪ್ತೋಷ್ಣದ ತಂಟೆಯೇ ಇಲ್ಲ. ಸಮುದ್ರದ ನೀರನ್ನು ಕೂಡ ಟನ್ನಿಗೆ ಮೂರು ನಾಲ್ಕು ಯೂನಿಟ್ಟಿನಲ್ಲಿ ಸಿಹಿ ಮಾಡುತ್ತದೆ. ಆದರೆ ಎಲ್ಲ ನೀರನ್ನೂ ಸೋಸಲಾರದು. ಕೊನೆಗೆ ಉಳಿಯುವ ದಟ್ಟ ಉಪ್ಪುನೀರನ್ನು ಕುದಿಸಿಯೇ ಆಗಬೇಕು. ನಾವೇ ಕೂತು ಲೆಕ್ಕ ಹಾಕಿದ್ದು ಹೀಗೆ. ಒಂದು ಟನ್ ನೀರಿನಲ್ಲಿ ನೂರಕ್ಕೆ 85 ಭಾಗ ಪೊರೆಯಿಂದ ಸೋಸಿ ಬಂದರೆ ಉಳಿದದ್ದು 150 ಕಿಲೋ. ಅದನ್ನು ಒಂದು ಕಿಲೋ ಹಬೆಗೆ ನಾಲ್ಕು ಕಿಲೋ ಆರಿಸುವ ಸರಪಳಿಗೆ ಹಾಕಿದರೆ ಸುಮಾರು ಎಂಟು ಕಿಲೋ ಕಲ್ಲಿದ್ದಲು ಸಾಕು. ಮೊದಲು ಹೇಳಿದ್ದು 200 ಕಿಲೋ. ಹಬೆ ಒತ್ತುವ ಯಂತ್ರಕ್ಕೆ ಹಾಕಿ, ಟನ್ನಿಗೆ 40 ಯೂನಿಟ್ ಹಿಡಿದರೆ ಆರು ಯೂನಿಟ್. ತಿರುಪ್ಪೂರಿನ ಸಾಮೂಹಿಕ ಶುದ್ಧೀಕರಣ ಘಟಕಗಳು ಈ ಬಗೆಯ ಜೋಡಣೆಯಿಂದಲೇ ಮತ್ತೆ ಬಾಗಿಲು ತೆರೆದವು. ಅಲ್ಲಿನ ಕೆಲವರು ದಟ್ಟ ಉಪ್ಪುನೀರನ್ನು ಪೂರಾ ಆರಿಸದೆ ಶುಚಿ ಮಾಡಿ ಮತ್ತೆ ಬಣ್ಣದ ತೊಟ್ಟಿಗೇ ಬಳಸಿದರು. ಆರಿಸಬೇಕಾಗದ ನೀರಿಗಿಂತ ಅಗ್ಗದ ನೀರಿಲ್ಲ.

ಪುಕ್ಕಟೆ ಶಾಖ ಸಿಗುವ ಕಡೆ ಕೂತು ಬಟ್ಟಿ ಇಳಿಸುವುದೂ ಒಂದು ಜಾಣತನ. ಕಲ್ಪಾಕ್ಕಂನಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದವರು ಅಣುವಿದ್ಯುತ್ ಕೇಂದ್ರದ ಕೆಳ ಒತ್ತಡದ ಹಬೆಯಿಂದ ಸಮುದ್ರದ ನೀರನ್ನು ದಿನಕ್ಕೆ 45 ಲಕ್ಷ ಲೀಟರಿನಷ್ಟು ಬಟ್ಟಿ ಇಳಿಸುವ ಸ್ಥಾವರ ಕಟ್ಟಿದ್ದಾರೆ. ಇತ್ತ ರಿಟ್ಟಿಂಗರನನ್ನು ಕಾಡಿದ ಉಪ್ಪಿನ ಪದರಕ್ಕೂ 1970ರ ದಶಕದಲ್ಲಿ ಅಮೆರಿಕದಲ್ಲಿ ಉಪಾಯ ಸಿಕ್ಕಿತು. ಸುಣ್ಣದ ಲವಣದ ಸಣ್ಣ ಹರಳುಗಳನ್ನು ನೀರಿನಲ್ಲೇ ತೇಲಬಿಟ್ಟರೆ, ಹೊಸ ಪದರ ಕೊಳವೆಗೆ ಅಂಟುವ ಬದಲು ಆ ಹರಳುಗಳಿಗೇ ಅಂಟಿಕೊಳ್ಳುತ್ತದೆ. ನೂರು ವರ್ಷದ ತೊಡಕು, ಹೆಪ್ಪು ಹಾಕಿದಷ್ಟು ಸರಳವಾದ ಪರಿಹಾರ.

ಎರಡು ಫೈಲುಗಳು

ಕಚೇರಿಯಲ್ಲಿ ಬದುಕು ಸವೆಸುವ ನಮ್ಮಂಥವರಿಗೆ ಈ ಇತಿಹಾಸದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೀರಿನ ಕಾನೂನು 1974ರದು. ಇಂಧನ ಉಳಿತಾಯದ ಅಧಿನಿಯಮ 2001ರದು. ಮೊದಲನೆಯ ಫೈಲು ಜೋರ್‌ಬಾಗಿನಲ್ಲಿ, ಎರಡನೆಯದು ರಾಮಕೃಷ್ಣಪುರದ ಇಂಧನ ದಕ್ಷತಾ ಬ್ಯೂರೋದಲ್ಲಿ. ಒಂದು ಫೈಲು ‘ನೀರನ್ನು ಹೊರಬಿಡಬೇಡ, ಕುದಿಸು’ ಎನ್ನುತ್ತದೆ. ಇನ್ನೊಂದು ‘ಇಂಧನ ಸುಡಬೇಡ, ಉಳಿಸು’ ಎನ್ನುತ್ತದೆ. 2012ರಲ್ಲಿ ಆರಂಭವಾದ ಯೋಜನೆಯಲ್ಲಿ ಕಾಗದ, ಬಟ್ಟೆ ಮೊದಲಾದ ದೊಡ್ಡ ಕಾರ್ಖಾನೆಗಳಿಗೆ ಇಂಧನ ಇಳಿಸುವ ಗುರಿ ಗೊತ್ತುಮಾಡಿದರು. 2014ರಲ್ಲಿ ಹೆಚ್ಚು ಮಾಲಿನ್ಯದ ಹದಿನೇಳು ಬಗೆಯ ಕೈಗಾರಿಕೆಗಳು ತಮ್ಮ ಹೊರನೀರನ್ನು ಸತತವಾಗಿ ಅಳೆಯುವ ಉಪಕರಣ ಹಾಕಬೇಕೆಂದು ಕೇಂದ್ರ ಮಂಡಲಿ ಆದೇಶಿಸಿತು. ಎರಡೂ ಆಜ್ಞೆಗಳು ಹೋಗಿ ಮುಟ್ಟುವುದು ಒಂದೇ ಕಾರ್ಖಾನೆಯ ಒಂದೇ ಬಾಯ್ಲರಿಗೆ.

ಅಲ್ಲಿ ಏನಾಗುತ್ತದೆ? ಇವಾಪೊರೇಟರನ್ನು ಕಟ್ಟಿಸುವುದಕ್ಕೆ ಒಂದು ಸಲ ಹಣ. ನಡೆಸುವುದಕ್ಕೆ ದಿನವೂ ಹಣ. ತಪಾಸಣೆಯವರು ಬಂದಾಗ ಯಂತ್ರ ನಡೆಯುತ್ತದೆ, ರಾತ್ರಿ ಮಳೆ ಬಂದಾಗ ಹಳ್ಳ ಬಣ್ಣ ತಿರುಗುತ್ತದೆ ಎಂಬ ದೂರು ದೇಶದ ಯಾವ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತದೆ. ಇದಕ್ಕೆ ಕಾವಲು ಬೇಕು, ದಂಡ ಬೇಕು, ನಿಜ. ಆದರೆ ಹಬೆ ಹಾರುವ ಯಂತ್ರ ಇರುವಷ್ಟು ದಿನ ಅದನ್ನು ನಿಲ್ಲಿಸುವ ಆಸೆಯೂ ಇರುತ್ತದೆ. ಟನ್ನಿಗೆ ಇನ್ನೂರು ಕಿಲೋ ಕಲ್ಲಿದ್ದಲು ಬೇಡುವ ಯಂತ್ರಕ್ಕೆ ನೂರು ಜನ ಇನ್‌ಸ್ಪೆಕ್ಟರು ಸಾಲದು. ಎಂಟು ಕಿಲೋದಲ್ಲಿ ಮುಗಿಸುವ ಯಂತ್ರಕ್ಕೆ ಹತ್ತು ಜನ ಸಾಕಾಗಬಹುದು. ಆದ್ದರಿಂದ ಇಂಧನದ ಉಳಿತಾಯವನ್ನು ನದಿಯ ರಕ್ಷಣೆಯಿಂದ ಬೇರೆ ಎಂದು ನೋಡುವುದು ಸರಿಯಲ್ಲ. ಇವೆರಡನ್ನೂ ಒಂದೇ ಫೈಲಿನಲ್ಲಿ ಇಟ್ಟು, ಹೊಲಸು ನೀರು ಆರಿಸುವ ಅನುಮತಿ ಕೊಡುವಾಗಲೇ ‘ಟನ್ನಿಗೆ ಎಷ್ಟು ಹಬೆ?’ ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದು ನಮ್ಮ ಅಲ್ಪಮತಿಗೆ ತೋಚುವ ಮಾತು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ನೀರೆಲ್ಲ ಆರಿದ ಮೇಲೂ ಬೆರಕೆ ಉಪ್ಪಿನ ಗುಡ್ಡೆ ಉಳಿಯುತ್ತದೆ. ತಿರುಪ್ಪೂರಿನಲ್ಲಿ ಅದು ಚೀಲಗಳಲ್ಲಿ, ಷೆಡ್ಡುಗಳಲ್ಲಿ ರಾಶಿಬಿದ್ದದ್ದುಂಟು. ಒಂದು ಮಳೆ ಬಿದ್ದರೆ ಅಷ್ಟೂ ಶ್ರಮ ಮತ್ತೆ ನೀರಿನ ಪಾಲು. ಉಪ್ಪನ್ನು ಬೇರೆಬೇರೆಯಾಗಿ ಹರಳುಗಟ್ಟಿಸಿ ಮತ್ತೆ ಬಳಕೆಗೆ ತಂದಾಗಲೇ ಲೆಕ್ಕ ಚುಕ್ತಾ ಆಗುವುದು.

ಜೋರ್‌ಬಾಗಿನ ಪರಿಸರ ಭವನದ ಮಾಡಿನ ಮೇಲೆ 930 ಕಿಲೋವಾಟಿನ ಸೌರಫಲಕಗಳಿವೆ. ತನಗೆ ಬೇಕಾದ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುವಂತೆ ಆ ಕಟ್ಟಡವನ್ನು ಯೋಜಿಸಲಾಗಿದೆ. ಪಾವಗಡದ ಬೆಂಗಾಡಿನಲ್ಲಿ 2,000 ಮೆಗಾವಾಟಿಗೂ ಹೆಚ್ಚಿನ ಸೌರವಿದ್ಯುತ್ ಸ್ಥಾವರ ಎದ್ದಿದೆ. ಹಬೆ ಒತ್ತುವ ಯಂತ್ರಕ್ಕೆ ಬೇಕಾದದ್ದು ಬೆಂಕಿಯಲ್ಲ, ವಿದ್ಯುತ್ತು. ಅಂದು ಸ್ವಿಟ್ಜರ್‌ಲೆಂಡಿನವರಿಗೆ ಬೆಟ್ಟದ ನೀರು ಒದಗಿದಂತೆ ಇಂದು ನಮಗೆ ಬಿಸಿಲು ಒದಗಿದೆ. ರಿಲ್ಯೂ ಹಾರುವ ಹಬೆಯನ್ನು ಹಿಡಿದು ನೂರೆಂಬತ್ತು ವರ್ಷಗಳಾದವು. ಹರಿಯುವ ಕೊಳೆಯನ್ನು ಹಿಡಿಯಲು ಅದೇ ವಿದ್ಯೆ ಸಾಕು. ಅದನ್ನು ಬಳಸುವ ಮನಸ್ಸು, ಅದರ ಖರ್ಚಿನ ಲೆಕ್ಕವನ್ನು ಮುಚ್ಚಿಡದೆ ಹೇಳುವ ಧೈರ್ಯ ಬೇಕು. ತುಂಗಭದ್ರೆಯ ದಡದಲ್ಲಿ ಬೊಗಸೆಯಲ್ಲಿ ನೀರೆತ್ತುವವನಿಗೆ ಆ ಲೆಕ್ಕ ಗೊತ್ತಿರಬೇಕಾಗಿಲ್ಲ. ಇಲ್ಲಿ ಟಿಪ್ಪಣಿ ಬರೆಯುವವರಿಗೆ ಗೊತ್ತಿದ್ದರೆ ಸಾಕು.